ಅತ್ತೆ ‘ಹೋಗ್ತೀನಿ’ ಅಂದ ವಾರ

ನನ್ನ ಬಾಯಿ ಸ್ವಲ್ಪ ಜೋರು. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಆಮೇಲೆ ಯಾರೂ ಹೇಳುವುದು ಬೇಡ. ತವರಿನಲ್ಲಿ ಅಮ್ಮ “ಇವಳ ನಾಲಿಗೆಗೊಂದು ಬೀಗ ಮಾಡಿಸಬೇಕು” ಅಂತ ಬೈಯುತ್ತಿದ್ದಳು. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಅದೇ ನಾಲಿಗೆಗೆ ಎಲ್ಲಿಲ್ಲದ ಮರ್ಯಾದೆ ಸಿಕ್ಕಿತು. ಯಾಕೆಂದರೆ ಈ ಊರಿನಲ್ಲಿ ಗುರುವಾರ ಅನ್ನುವುದೊಂದಿತ್ತು.

ಗುರುವಾರ ಸಂಜೆ ಏಳಕ್ಕೆ ಎಲ್ಲರ ಮನೆಯ ಟಿವಿಯಲ್ಲೂ ಒಂದೇ ಕಾರ್ಯಕ್ರಮ. ಯಾವ ಚಾನೆಲ್ ಒತ್ತಿದರೂ ಅದೇ. ಊರಿನ ಯಾವುದೋ ಒಂದು ಮನೆಯವರು ಆ ವಾರವೆಲ್ಲ ತಿಂದದ್ದು, ಉಂಡದ್ದು, ಕಿತ್ತಾಡಿದ್ದು, ಅರ್ಧ ಗಂಟೆಯ ಹಾಸ್ಯ ಧಾರಾವಾಹಿಯಾಗಿ ಬರುತ್ತಿತ್ತು. ಮೊದಲಿಗೆ ಒಂದು ಟ್ಯೂನು, ನಡುನಡುವೆ ಗೊಳ್ಳೆಂದು ನಗು. ಕ್ಯಾಮೆರಾ ಎಲ್ಲಿದೆ ಅಂತ ಯಾರೂ ನೋಡಿದವರಿಲ್ಲ, ನಗುವವರು ಯಾರು ಅಂತ ಯಾರೂ ಕೇಳಿದವರಿಲ್ಲ. ಮುಗಿಯುವ ಹೊತ್ತಿಗೆ ಮುಂದಿನ ವಾರದ ಮನೆಯ ಮುಂಬಾಗಿಲನ್ನು ಒಂದು ಕ್ಷಣ ತೋರಿಸುತ್ತಿದ್ದರು. ಆ ಬಾಗಿಲಿನವರು ಎದ್ದು ಹೋಗಿ ಕಿಟಕಿ ಪರದೆ ಬಿಚ್ಚಿ ನೆನೆಹಾಕುತ್ತಿದ್ದರು.

‘ನಮ್ಮ ವಾರ’ ಅಂದರೆ ಮನೆಯಲ್ಲಿ ಮದುವೆ ಇದ್ದ ಹಾಗೆ. ಅಕ್ಕಪಕ್ಕದವರು ಒಳ್ಳೆಯ ಬೆಡ್‌ಶೀಟು, ಹೊಸ ಸ್ಟೀಲ್ ಲೋಟ ಕೊಟ್ಟು ಹೋಗುವರು. ಹೆಂಗಸರು ನೈಟಿ ಮುಟ್ಟುವುದಿಲ್ಲ. ಗಂಡಸರು ಬನಿಯನ್ನಿನಲ್ಲಿ ಓಡಾಡುವುದಿಲ್ಲ, ಹೊಟ್ಟೆ ದೊಡ್ಡದಿದ್ದವರು ಮಾತ್ರ ಬೇಕೆಂದೇ ಓಡಾಡುವರು, ಅದಕ್ಕೆ ಯಾವಾಗಲೂ ನಗು ಸಿಗುತ್ತದೆ ಅಂತ. ಒಳ್ಳೆಯ ನಗು ಸಿಕ್ಕಿದ ಮನೆಯವರಿಗೆ ವರ್ಷಗಟ್ಟಲೆ ಸೊಪ್ಪಿನವಳು ಒಂದು ಹಿಡಿ ಕೊತ್ತಂಬರಿ ಸುಮ್ಮನೆ ಹಾಕುವಳು, ಮದುವೆ ಮನೆಯಲ್ಲಿ ಮುಂದಿನ ಕುರ್ಚಿ. ನಗು ಸಿಗದವರ ಕಥೆ ಬೇಡ. ಗಡಿಯಾರ ರಿಪೇರಿಯ ಚೆನ್ನವೀರಪ್ಪನ ಮನೆಯ ವಾರ ಇಡೀ ಅರ್ಧ ಗಂಟೆಯಲ್ಲಿ ಮೂರೇ ಸಲ ನಗು ಬಂತು, ಅದರಲ್ಲೊಂದು ಬೆಕ್ಕಿಗೆ. ಆಮೇಲೆ ಅವರನ್ನು ಕಂಡರೆ ಜನ ಆಸ್ಪತ್ರೆಯಲ್ಲಿ ಮಾತಾಡಿಸುವ ಹಾಗೆ ಮೆಲ್ಲಗೆ ಮಾತಾಡಿಸುತ್ತಿದ್ದರು.

ಇನ್ನೊಂದು ವಿಷಯ ಹೇಳದೇ ಹೋದರೆ ನನ್ನ ಕಥೆ ಅರ್ಥವಾಗುವುದಿಲ್ಲ. ನಮ್ಮ ವಾರದಲ್ಲಿ ಗಂಭೀರವಾದ ಮಾತು ಆಡಬಾರದು. ಆಡಿದರೆ ಅದಕ್ಕೂ ನಗು ಸೇರಿಸಿ ತೋರಿಸಿಬಿಡುತ್ತಾರೆ. ಕಾಯಿಲೆ, ಕಷ್ಟ, ಗಂಡ ಹೆಂಡಿರ ಮನಸ್ತಾಪ, ಎಲ್ಲ ಶುಕ್ರವಾರಕ್ಕೆ. ಆದರೆ ಮನುಷ್ಯರು ತಾನೇ, ಏಳು ದಿನ ತಡೆಯುವುದಕ್ಕೆ ಆಗುತ್ತದೆಯೆ? ಅದಕ್ಕೆ ಮಿಕ್ಸಿ ಇತ್ತು. ಮಿಕ್ಸಿ ತಿರುಗುವಾಗ ಆಡಿದ ಮಾತು ಗುರುವಾರ ಬರುವುದಿಲ್ಲ ಅನ್ನುವುದು ಊರಿನ ಹೆಂಗಸರಿಗೆಲ್ಲ ಗೊತ್ತಿತ್ತು. ಯಾವ ಮನೆಯ ವಾರವೋ ಆ ಮನೆಯಲ್ಲಿ ಬೆಳಗಾದರೆ ಚಟ್ನಿ, ಸಂಜೆಯಾದರೆ ಚಟ್ನಿ. ತಟ್ಟೆಯಲ್ಲಿ ಮೂರು ಬಗೆಯ ಚಟ್ನಿ ಕಂಡರೆ ‘ಪಾಪ, ಇವರಿಗೇನೋ ತಾಪತ್ರಯ’ ಅಂತ ಲೆಕ್ಕ. ಮಿಕ್ಸಿ ಹಾಕಿ ಹೇಳಿದ್ದನ್ನು ಮಿಕ್ಸಿ ನಿಂತ ಮೇಲೆ ಎತ್ತಬಾರದು. ಇದನ್ನು ಯಾರೂ ಕಲಿಸುವುದಿಲ್ಲ, ಮನೆಗೆ ಬಂದ ಸೊಸೆಗೆ ತಾನೇ ತಿಳಿಯುತ್ತದೆ. ನನಗೂ ತಿಳಿದಿತ್ತು.

ನಮ್ಮ ಮನೆಯಲ್ಲಿ ಐದು ಜನ. ಮಾವ ಶ್ರೀಕಂಠಯ್ಯ, ನೀರು ಸರಬರಾಜು ಕಚೇರಿಯಿಂದ ನಿವೃತ್ತರಾದವರು. ಅತ್ತೆ ತುಂಗಮ್ಮ, ಐವತ್ತೇಳು ವರ್ಷ. ನಮ್ಮ ಯಜಮಾನರು ನಾಗಭೂಷಣ, ಎರಡನೇ ಕ್ಲಾಸಿನ ಮಗಳು ಪುಟ್ಟಿ, ಮತ್ತೆ ಪದ್ಮಾಕ್ಷಿ ಅನ್ನುವ ನಾನು. ನಾನು ಮಾರುಕಟ್ಟೆ ಬೀದಿಯಲ್ಲಿ ಹೊಲಿಗೆ ಕ್ಲಾಸು ನಡೆಸುತ್ತಿದ್ದೆ. ಇಪ್ಪತ್ತೆರಡು ಹುಡುಗಿಯರು, ಎಂಟು ಮೆಷಿನ್ನು. ಬೆಳಗ್ಗೆ ಹತ್ತಕ್ಕೆ ಹೋದರೆ ಸಂಜೆ ಐದಕ್ಕೆ ಬರುವುದು. ಪುಟ್ಟಿಯನ್ನು ಶಾಲೆಗೆ ಬಿಟ್ಟು ಕರೆತರುವುದು, ಮಾವನ ಊಟ, ಮಾವನ ಮಾತ್ರೆ, ಮಾವನ ಗೊಣಗಾಟ, ಎಲ್ಲ ಅತ್ತೆಯದು. ಅತ್ತೆ ಇದ್ದರು ಅಂತ ನನ್ನ ಕ್ಲಾಸು ಇತ್ತು.

ನಮ್ಮಿಬ್ಬರ ಜಗಳ ಬೀದಿಗೆಲ್ಲ ಇಷ್ಟ. ನಾನು ಒಂದು ಅಂದರೆ ಅವರು ಎರಡು ಅನ್ನುವರು. ಒಳಗೆ ಮಾತ್ರ ಬೇರೆ. ನಾನು ಬಸುರಿಯಾಗಿದ್ದಾಗ ರಾತ್ರಿ ಹುಣಸೆಹಣ್ಣು ಕೇಳಿದೆ ಅಂತ ಬೆಳಕು ಹರಿಯುವ ಮುಂಚೆ ಹೋಗಿ ಯಾರದೋ ಹಿತ್ತಿಲಿನಿಂದ ಕಿತ್ತು ತಂದಿದ್ದರು. ಇನ್ನೊಂದು ಗುಣ ಇತ್ತು ಅವರಿಗೆ, ಓದುವುದು. ದಿನಾ ಸಂಜೆ ಜಗಲಿಯಲ್ಲಿ ಕೂತು, ಕಣ್ಣು ಕಾಣದ ಗೌರಕ್ಕನಿಗೆ ಪೇಪರ್ ಓದಿ ಹೇಳುವರು. ಅವರು ಓದಿದರೆ ನಾಳಿನ ಹವಾಮಾನವನ್ನೂ ನಾಲ್ಕು ಜನ ನಿಂತು ಕೇಳಿಸಿಕೊಳ್ಳುತ್ತಿದ್ದರು. ಅಂಥ ದನಿ. ಆ ದನಿಯನ್ನು ನಾನು ಹಾಳು ಮಾಡಿದೆ.

ನಮ್ಮ ಬಾಗಿಲು ಟಿವಿಯಲ್ಲಿ ಕಂಡ ದಿನ ಮಾವ ಕುರ್ಚಿಯಿಂದ ಎದ್ದು ನಿಂತು ಕೈ ಮುಗಿದರು. “ಪದ್ದೂ, ನಿನ್ನ ಮೇಲೆ ಭಾರ ಕಣಮ್ಮ” ಅಂದರು. ನನಗೂ ಒಳಗೊಳಗೆ ಹೆಮ್ಮೆ. ಊರಿಗೆಲ್ಲ ಗೊತ್ತು, ನನ್ನಷ್ಟು ಬಾಯಿ ಇರುವವಳು ಇನ್ನೊಬ್ಬಳಿಲ್ಲ ಅಂತ. ಪಕ್ಕದ ಮನೆಯ ಚಂದ್ರಕಲಾ ತನ್ನ ಮದುವೆಯ ಕಾಫಿ ಲೋಟಗಳ ಸೆಟ್ಟನ್ನೇ ತಂದುಕೊಟ್ಟಳು.

ಶನಿವಾರ ಬೆಳಗ್ಗೆ ಅತ್ತೆ ಅಡುಗೆಮನೆಯಿಂದ ಕರೆದರು. ಮಿಕ್ಸಿಗೆ ಕಾಯಿ ತುರಿ ಹಾಕಿ ಗುಂಡಿ ತಿರುಗಿಸಿದರು. ಆ ಗರ್ರ್ ಸದ್ದಿನಲ್ಲಿ ನನ್ನ ಕಿವಿಯ ಹತ್ತಿರ ಬಂದರು.

“ಪದ್ದೂ, ನಾನು ಹೋಗ್ತೀನಿ ಕಣೇ.”

“ಎಲ್ಲಿಗತ್ತೆ? ಮಾರ್ಕೆಟ್ಟಿಗಾ?”

“ಥೂ, ಮಾರ್ಕೆಟ್ಟಲ್ಲ. ಹೊಳೆ ಆಚೆ ಊರಲ್ಲಿ ಕಣ್ಣಿಲ್ಲದ ಹೆಣ್ಣುಮಕ್ಕಳ ಶಾಲೆ ಇದೆ. ಪಾಠ ಓದಿ ಹೇಳೋಕೆ ಒಬ್ಬರು ಬೇಕು ಅಂತ ಪೇಪರಿನಲ್ಲಿ ಬಂದಿತ್ತು. ನಿನ್ನ ಹಳೇ ಫೋನಿನಲ್ಲಿ ಮೂರು ಪಾಠ ಓದಿ ಕಳಿಸಿದ್ದೆ. ಬನ್ನಿ ಅಂತ ಕಾಗದ ಬರೆದಿದಾರೆ.”

ನಾನು ಕಣ್ಣು ಬಿಟ್ಟುಕೊಂಡು ನೋಡಿದೆ. ಅವರು ಮಿಕ್ಸಿ ನಿಲ್ಲಿಸಲಿಲ್ಲ. ಚಟ್ನಿ ಆಗಲೇ ಬೆಣ್ಣೆಯಾಗಿತ್ತು.

“ಅಲ್ಲೇ ಇರಬೇಕಂತೆ. ಒಂದು ಕೋಣೆ ಕೊಡ್ತಾರೆ. ನನ್ನದೇ ಕೋಣೆ ಕಣೇ, ಒಳಗಿಂದ ಚಿಲಕ ಇದೆಯಂತೆ. ಒಂದನೇ ತಾರೀಕು ಸಂಜೆಯೊಳಗೆ ಸೇರಬೇಕು, ಇಲ್ದಿದ್ರೆ ಬೇರೆಯವರಿಗೆ ಕೊಟ್ಟುಬಿಡ್ತಾರೆ. ಮೂವತ್ತೈದು ವರ್ಷ ಆಯ್ತು ಈ ಒಲೆ ಮುಂದೆ. ನನಗೆ ಯಾರ ಮೇಲೂ ಸಿಟ್ಟಿಲ್ಲ. ಆದರೆ ನನಗೆ ಹೋಗಬೇಕು ಅನ್ನಿಸಿದೆ, ತುಂಬಾ ಅನ್ನಿಸಿದೆ. ನಿಮ್ಮ ಮಾವನಿಗೆ ಶುಕ್ರವಾರ ಹೇಳ್ತೀನಿ. ಆವತ್ತು ನೀನು ಪಕ್ಕದಲ್ಲಿ ನಿಂತು ಒಂದು ಮಾತು ಆಡು. ನಿನ್ನ ಮಾತು ಅವರು ಕೇಳ್ತಾರೆ. ಆಡ್ತೀಯಾ?”

“ಆಡ್ತೀನಿ ಅತ್ತೆ” ಅಂದೆ.

ಅವರು ನನ್ನ ಗಲ್ಲ ಸವರಿ ಮಿಕ್ಸಿ ನಿಲ್ಲಿಸಿದರು. ಸದ್ದು ನಿಂತ ಕೂಡಲೇ ದನಿ ಏರಿಸಿ, “ಏನೇ ಇದು, ಚಟ್ನಿಗೆ ಇಷ್ಟು ಹೊತ್ತಾ? ನಿಮ್ಮಮ್ಮ ಇದನ್ನೂ ಕಲಿಸಲಿಲ್ಲವೇನೇ?” ಅಂದರು. ನಾನೂ “ನಮ್ಮಮ್ಮ ಚಟ್ನಿ ಕಲಿಸಿದ್ದಳು ಅತ್ತೆ, ಅತ್ತೆಯನ್ನ ಸಹಿಸೋದು ಕಲಿಸಲಿಲ್ಲ” ಅಂದೆ. ಹೊರಗೆ ಮಾವ ಖುಷಿಯಿಂದ ಕೆಮ್ಮಿದರು.

ಆಡ್ತೀನಿ ಅಂತ ಹೇಳಿ ಕ್ಲಾಸಿಗೆ ಹೊರಟೆನಲ್ಲ, ದಾರಿಯಲ್ಲಿ ನನ್ನ ತಲೆಯಲ್ಲಿ ಬಂದದ್ದು ಒಂದೇ. ಪುಟ್ಟಿಯನ್ನು ಮಧ್ಯಾಹ್ನ ಶಾಲೆಯಿಂದ ಯಾರು ಕರೆತರುತ್ತಾರೆ? ಮಾವನಿಗೆ ಹನ್ನೆರಡೂವರೆಗೆ ಊಟ ಯಾರು ಬಡಿಸುತ್ತಾರೆ? ಎಂಟು ಮೆಷಿನ್ನು, ಇಪ್ಪತ್ತೆರಡು ಹುಡುಗಿಯರು. ಆ ದಿನ ಒಂದು ಹುಡುಗಿ ರವಿಕೆಯ ಕಂಕುಳು ಪಟ್ಟಿ ತಿರುಗಾ ಮುರುಗಾ ಹೊಲಿದಳು ಅಂತ ಅವಳು ಅಳುವ ಹಾಗೆ ಬೈದೆ. ಅಷ್ಟು ಬೈಯುವಂಥ ತಪ್ಪೇನೂ ಅವಳದಾಗಿರಲಿಲ್ಲ.

ಭಾನುವಾರ, ಸೋಮವಾರ, ಮಂಗಳವಾರ ಏನೂ ಸರಿಯಾಗಲಿಲ್ಲ. ನಮ್ಮ ಯಜಮಾನರು ಬಾಳೆಹಣ್ಣಿನ ಸಿಪ್ಪೆಯ ಮೇಲೆ ಬೇಕೆಂದೇ ಜಾರಿ ಬಿದ್ದು ಸೊಂಟ ಹಿಡಿಸಿಕೊಂಡರು. ಮಾವ ಬಕೆಟ್ಟಿನಲ್ಲಿ ಕಾಲಿಟ್ಟು ಎರಡು ಸಲ ನಡೆದರು. ಇದಕ್ಕೆಲ್ಲ ಯಾರು ನಗುತ್ತಾರೆ, ನೂರು ಮನೆಯವರು ಮಾಡಿ ಬಿಟ್ಟದ್ದು. ಅತ್ತೆ ಬೇರೆ ಎಲ್ಲೋ ಮನಸ್ಸಿಟ್ಟುಕೊಂಡು ಓಡಾಡುತ್ತಿದ್ದರು. ನಾನು ಚುಚ್ಚಿದರೂ ಎದುರು ಮಾತು ಬರುತ್ತಿರಲಿಲ್ಲ. ಬುಧವಾರದ ಹೊತ್ತಿಗೆ ಮಾವ ಮುಖ ಸಣ್ಣದು ಮಾಡಿಕೊಂಡು, “ಚೆನ್ನವೀರಪ್ಪನ ಗತಿಯೇ ನಮಗೂ” ಅಂದರು. ನನಗೆ ಜೀವ ಬಾಯಿಗೆ ಬಂತು. ಊರೆಲ್ಲ ನನ್ನ ಬಾಯಿಯ ಮೇಲೆ ಆಸೆ ಇಟ್ಟುಕೊಂಡಿದೆ, ನಾನೇನು ಮಾಡಲಿ?

ಬುಧವಾರ ಸಂಜೆ ಉಪ್ಪಿಟ್ಟು. ಎಲ್ಲರೂ ನಡುಮನೆಯಲ್ಲಿ ಕೂತಿದ್ದೆವು. ಅತ್ತೆ ಬಡಿಸುತ್ತಿದ್ದರು. ಮಾವ ಒಂದು ತುತ್ತು ಬಾಯಿಗಿಟ್ಟು, “ಉಪ್ಪೇ ಇಲ್ಲವಲ್ಲೇ ಇದಕ್ಕೆ” ಅಂದರು. ಅತ್ತೆ ಪುಟ್ಟಿಯ ತಟ್ಟೆಗೆ ಬಡಿಸಲು ಬಗ್ಗಿದರು. ಯಾರಾದರೂ ಏನಾದರೂ ಹೇಳಲೇಬೇಕಿತ್ತು, ನಾನು ಹೇಳಿದೆ.

“ಹುಷಾರು ಮಾವ! ಉಪ್ಪು ಖಾರ ಅಂತೆಲ್ಲ ಕೊಂಕು ತೆಗೆದ್ರೆ ಅತ್ತೆ ಬ್ಯಾಗು ತುಂಬ್ಕೊಂಡು ಊರು ಬಿಟ್ಟು ಹೋಗ್ತಾರೆ. ಕೋಣೆ ಬೇರೆ ನೋಡಿಟ್ಟಿದಾರೆ. ಒಳಗಿಂದ ಚಿಲಕ! ನೀವು ಹೊರಗಿಂದ ‘ತುಂಗಾ, ಕಾಫಿ’ ಅಂತ ಎಷ್ಟು ಬಡಿದ್ರೂ ತೆಗೆಯೋ ಹಾಗಿಲ್ಲ.”

ಮರೆತು ಆಡಿದ ಮಾತಲ್ಲ ಅದು. ಇಷ್ಟು ದಿನ ಹಾಗಂತ ಹೇಳಿಕೊಂಡು ತಿರುಗಿದ್ದೇನೆ, ಇವತ್ತು ಹೇಳುವುದಿಲ್ಲ. ಆ ಮಾತು ಬಾಯಿಗೆ ಬರುವ ಮುಂಚೆ ನನಗೆ ಮಿಕ್ಸಿ ನೆನಪಿತ್ತು, ಎಂಟು ಮೆಷಿನ್ನೂ ನೆನಪಿದ್ದವು.

ಮಾವನಿಗೆ ನಗು ತಡೆಯದೆ ಉಪ್ಪಿಟ್ಟು ನೆತ್ತಿಗೆ ಹತ್ತಿತು. ನಮ್ಮ ಯಜಮಾನರು ಸೊಂಟ ಹಿಡಿದುಕೊಂಡೇ ನಕ್ಕರು. ಪುಟ್ಟಿ ಏನೂ ತಿಳಿಯದೆ ಚಪ್ಪಾಳೆ ತಟ್ಟಿದಳು. ಅತ್ತೆ ನನ್ನನ್ನು ನೋಡಿದರು. ಎಷ್ಟು ಹೊತ್ತು ನೋಡಿದರೋ. ಆಮೇಲೆ ಮಾವನ ಕಡೆ ತಿರುಗಿ, ಪೇಪರ್ ಓದುವ ಅದೇ ದನಿಯಲ್ಲಿ, ನೆಟ್ಟಗೆ ಹೇಳಿದರು.

“ಹೌದು. ನಾನು ಹೋಗ್ತೀನಿ.”

“ಹೋಗು ಮಾರಾಯ್ತಿ, ಬೇಡ ಅಂದವರು ಯಾರು?” ಅಂದರು ಮಾವ. “ಹೋಗೋಕೆ ಮುಂಚೆ ಇನ್ನೊಂದಿಷ್ಟು ಉಪ್ಪಿಟ್ಟು ಹಾಕಿ ಹೋಗು.”

ಅತ್ತೆ ಹಾಕಿದರು.

ಅಡುಗೆಮನೆಗೆ ಪಾತ್ರೆ ಇಡಲು ಹೋದಾಗ ಅವರು ನನ್ನ ಕಡೆ ತಿರುಗದೆ ಮೆಲ್ಲಗೆ ಒಂದೇ ಮಾತು ಅಂದರು. “ಮಿಕ್ಸಿ ಹಾಕಿ ಹೇಳಿದ್ದೆ ಕಣೇ.” ನಾನು “ಅಯ್ಯೋ ಅತ್ತೆ, ತಮಾಷೆಗೆ” ಅಂದೆ. ಅವರು ನಲ್ಲಿ ತಿರುಗಿಸಿ ಪಾತ್ರೆ ತೊಳೆಯಲು ನಿಂತರು.

ಗುರುವಾರ ಬಂತು. ಬೀದಿಯ ಅರ್ಧ ಜನ ನಮ್ಮ ಮನೆಯಲ್ಲೇ. ಬಕೆಟ್ಟಿಗೆ ಸ್ವಲ್ಪ ನಗು, ಬಾಳೆಹಣ್ಣಿಗೆ ಇನ್ನೂ ಸ್ವಲ್ಪ. ಆಮೇಲೆ ಉಪ್ಪಿಟ್ಟು. “ಹೌದು, ನಾನು ಹೋಗ್ತೀನಿ” ಅಂದ ಕೂಡಲೇ ಟಿವಿಯಲ್ಲಿ ಎದ್ದ ನಗು ಇದೆಯಲ್ಲ, ಅಂಥದ್ದು ಈ ಊರು ಕೇಳಿರಲಿಲ್ಲ. ನಿಲ್ಲುತ್ತದೆ ಅನ್ನುವಾಗ ಮತ್ತೆ ಏರುತ್ತಿತ್ತು. ಮನೆಯೊಳಗಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ಬಿದ್ದು ಬಿದ್ದು ನಕ್ಕರು. ಪಕ್ಕದ ಮನೆಯಿಂದ, ಎದುರು ಮನೆಯಿಂದ, ಬೀದಿಯ ಕೊನೆಯಿಂದ ನಗು ಕೇಳುತ್ತಿತ್ತು. ನಾನೂ ನಗುತ್ತಿದ್ದೆ. ಆಗ ಟಿವಿಯಲ್ಲಿ ಅತ್ತೆ ಮಾವನ ತಟ್ಟೆಗೆ ಉಪ್ಪಿಟ್ಟು ಹಾಕುವುದನ್ನು ಹತ್ತಿರದಿಂದ ತೋರಿಸಿದರು. ತಟ್ಟೆಯ ಆಚೆ ಚೆಲ್ಲಿದ್ದನ್ನು ಅವರ ಕೈ ಚೂರು ಚೂರೇ ಆರಿಸುತ್ತಿತ್ತು. ಊಟಕ್ಕೆ ಕೂತಿದ್ದಾಗ ನನಗದು ಕಂಡಿರಲಿಲ್ಲ. ಆ ಕೈಯ ಮೇಲೂ ನಗು ಸುರಿಯುತ್ತಿತ್ತು. ತಿರುಗಿ ನೋಡಿದರೆ ಅತ್ತೆ ಬಾಗಿಲ ಪಕ್ಕ ನೆಲದ ಮೇಲೆ ಕೂತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, ಟಿವಿಯಲ್ಲಿ ತಮ್ಮನ್ನೇ ನೋಡುತ್ತಿದ್ದರು.

ಶುಕ್ರವಾರ ಬೆಳಗ್ಗೆ ಮಾವ ಪೇಪರ್ ಹಿಡಿದು ಕೂತಿದ್ದಾಗ ಅತ್ತೆ ಕಾಗದ ತಂದು ಅವರ ಮುಂದಿಟ್ಟರು. “ನೋಡಿ, ನಾನು ನಿಜವಾಗಿಯೂ ಹೋಗಬೇಕು ಅಂತಿದೀನಿ. ಒಂದನೇ ತಾರೀಕಿಗೆ ಸೇರಬೇಕು.” ಅಷ್ಟು ಹೇಳಿ ನನ್ನ ಕಡೆ ನೋಡಿದರು. ನಾನು ಕಿಟಕಿಯ ಹತ್ತಿರ ಕೂತು ಯಾರದೋ ರವಿಕೆಗೆ ಹುಕ್ಕು ಹಾಕುತ್ತಿದ್ದೆ.

ಮಾವನ ಮುಖ ಅರಳಿತು. “ಏ ನಾಗೂ, ಬಾರೋ ಇಲ್ಲಿ! ನಿಮ್ಮಮ್ಮ ಮತ್ತೆ ಶುರು ಮಾಡಿದಾಳೆ!” ಕಾಗದ ಎತ್ತಿಕೊಂಡು ನಾಟಕದವರ ಹಾಗೆ ದನಿ ಎಳೆದು ಓದಿದರು. “ಶ್ರೀಮತಿ ತುಂಗಮ್ಮನವರಿಗೆ...” ಅಷ್ಟಕ್ಕೇ ಅವರಿಗೆ ಮುಂದೆ ಓದಲಾಗಲಿಲ್ಲ, ಕಣ್ಣಲ್ಲಿ ನೀರು ಬರುವಷ್ಟು ನಗು. ನಮ್ಮ ಯಜಮಾನರು ಬಂದು “ಅಮ್ಮಾ, ಕಾಗದ ಎಲ್ಲ ರೆಡಿ ಮಾಡಿಸಿದೀಯಲ್ಲ, ಭಲೇ!” ಅಂದರು. ಮಾವ ಕೆಟ್ಟವರಲ್ಲ. ನಾನು ಒಂದು ಮಾತು ಆಡಿದ್ದರೆ ನಗು ನಿಲ್ಲಿಸಿ ಕೇಳುತ್ತಿದ್ದರು ಅಂತ ಈಗಲೂ ಅನ್ನಿಸುತ್ತದೆ. ನಾನು ತಲೆ ಬಗ್ಗಿಸಿಕೊಂಡು ಹುಕ್ಕು ಹಾಕಿದೆ. ಬಾಯಿ ಜೋರು, ಬಾಯಿ ಜೋರು ಅಂತಾರಲ್ಲ, ಆವತ್ತು ಎಲ್ಲಿ ಹೋಗಿತ್ತೋ ದರಿದ್ರದ್ದು.

ಊರು ಅತ್ತೆಯನ್ನು ತಲೆಯ ಮೇಲೆ ಹೊತ್ತುಕೊಂಡಿತು. ಸೊಪ್ಪಿನವಳು ಬುಟ್ಟಿ ಎತ್ತುವಾಗ “ನಾನು ಹೋಗ್ತೀನಿ” ಅನ್ನುವಳು. ಹೆಡ್‌ಮಾಸ್ತರರು ಸಭೆ ಮುಗಿಸುವಾಗ ಅದನ್ನೇ ಹೇಳಿ ಚಪ್ಪಾಳೆ ಗಿಟ್ಟಿಸಿದರಂತೆ. ಅತ್ತೆ ಬೀದಿಗಿಳಿದರೆ ಸಾಕು, ಅಂಗಡಿಗಳಿಂದ ತಲೆ ಹೊರಗೆ ಬರುತ್ತಿದ್ದವು. “ತುಂಗಮ್ಮನೋರೇ, ಒಂದೇ ಒಂದು ಸಲ ಹೇಳಿ, ನಮ್ಮ ಅಕ್ಕ ಬಂದಿದಾಳೆ ಊರಿಂದ.” ಎಲ್ಲರದ್ದೂ ಪ್ರೀತಿಯೇ, ಅದರಲ್ಲಿ ಎರಡು ಮಾತಿಲ್ಲ.

ಒಂದನೇ ತಾರೀಕಿಗೆ ಮೂರು ದಿನ ಇದ್ದಾಗ ಅತ್ತೆ ಒಬ್ಬರೇ ಬ್ಯಾಗು ಹಿಡಿದು ಬಸ್‌ಸ್ಟ್ಯಾಂಡಿಗೆ ಹೋದರು. ಹೊಳೆ ದಾಟುವುದಕ್ಕೆ ನಮ್ಮೂರಿನಿಂದ ದಿನಕ್ಕೆ ಒಂದೇ ಬಸ್ಸು, ಬೆಳಗ್ಗೆ ಹತ್ತೂವರೆಗೆ. ಅದರ ಕಂಡಕ್ಟರ್ ರೇವಣ್ಣ ನಮ್ಮ ಪಕ್ಕದ ಬೀದಿಯವನೇ. ಅತ್ತೆ ಮೆಟ್ಟಿಲ ಮೇಲೆ ಕಾಲಿಡುತ್ತಿದ್ದ ಹಾಗೆ ಅವನು, “ಅಮ್ಮಾವರು ಹೊರಟರು! ಉಪ್ಪಿಟ್ಟು ಬಡಿಸಿ ಬಂದ್ರಾ ತಾಯಿ?” ಅಂತ ಕೂಗಿದನಂತೆ. ಬಸ್ಸಿಗೆ ಬಸ್ಸೇ ನಕ್ಕಿತು. ಅತ್ತೆ “ನನಗೆ ಟಿಕೆಟ್ ಕೊಡಪ್ಪ, ನಿಜವಾಗಿ ಹೋಗಬೇಕು” ಅಂದರೆ ಇನ್ನೂ ನಗು. ಕಡೆಗೆ ನಾಲ್ಕು ಜನ ಅವರ ಬ್ಯಾಗು ಇಸಿದುಕೊಂಡು, ದಾರಿಯಲ್ಲಿ ಒಂದು ಡಬ್ಬಿ ಮೈಸೂರುಪಾಕು ಕೊಡಿಸಿ, ಮೆರವಣಿಗೆ ಮಾಡಿಕೊಂಡು ಮನೆಗೆ ತಂದು ಬಿಟ್ಟರು. ಆ ಮೆರವಣಿಗೆ ನನ್ನ ಕ್ಲಾಸಿನ ಮುಂದೆಯೇ ಹಾದುಹೋಯಿತು. ಹುಡುಗಿಯರೆಲ್ಲ ಮೆಷಿನ್ನು ಬಿಟ್ಟು ಕಿಟಕಿಗೆ ಓಡಿದರು. ನಾನೂ ಕಿಟಕಿಯಲ್ಲಿ ನಿಂತು ನೋಡಿದೆ. ಅತ್ತೆ ತಲೆ ಎತ್ತಲಿಲ್ಲ. ನಾನು ಕೆಳಗೆ ಇಳಿಯಲಿಲ್ಲ.

ಇಷ್ಟರಲ್ಲಿ ಮುಗಿದಿದ್ದರೆ ನಾನು ಹೇಗೋ ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತಿದ್ದೆನೋ ಏನೋ. ಮುಗಿಯಲಿಲ್ಲ. ತಿಂಗಳ ಕೊನೆಯ ದಿನ ಸಂಜೆ ಕ್ಲಾಸು ಮುಗಿಸಿ ಬಂದೆ. ಅತ್ತೆ ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಗೌರಕ್ಕ ಇದ್ದಳು, ಚಂದ್ರಕಲಾ ಇದ್ದಳು, ಇನ್ನೂ ಹತ್ತು ಹದಿನೈದು ಹೆಂಗಸರು. ಅತ್ತೆ ಓದುತ್ತಿದ್ದದ್ದು ಎಲ್ಲೋ ದೋಣಿ ಮಗುಚಿದ ಸುದ್ದಿ. ಒಂದೇ ಮನೆಯ ಮೂವರು ಮುಳುಗಿ ಹೋಗಿದ್ದರು. “ತಾಯಿಯ ದೇಹ ಇನ್ನೂ ಪತ್ತೆಯಾಗಿಲ್ಲ” ಅಂತ ಅವರು ಓದಿದರು. ಚಂದ್ರಕಲಾ ಬಾಯಿಗೆ ಸೆರಗು ಒತ್ತಿಕೊಂಡಳು, ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆ ಅಂದುಕೊಂಡೆ. ಅವಳು ನಗುತ್ತಿದ್ದಳು. ಅವಳಿಂದ ಎಲ್ಲರಿಗೂ ಹತ್ತಿತು. “ಅಯ್ಯೋ ತುಂಗಮ್ಮಾ, ನೀವು ಬಾಯಿ ಬಿಟ್ರೆ ಸಾಕು ಕಣ್ರೀ” ಅಂದಳು ಗೌರಕ್ಕ, ಕಾಣದ ಕಣ್ಣು ಒರೆಸಿಕೊಂಡು. ಎಂಟು ವರ್ಷ ಆ ದನಿ ಕೇಳಿ ಜಗತ್ತು ತಿಳಿದುಕೊಂಡ ಮುದುಕಿ. ಅತ್ತೆ ಸ್ವಲ್ಪ ಹೊತ್ತು ಕಾದರು. ನಗು ನಿಲ್ಲಲಿಲ್ಲ. ಪೇಪರನ್ನು ನಾಲ್ಕಾಗಿ ಮಡಚಿ ತೊಡೆಯ ಮೇಲಿಟ್ಟುಕೊಂಡರು.

ಆಗ ನನ್ನ ಎದೆ ಒಡೆಯಿತು. ಇಷ್ಟು ತಡವಾಗಿ ಒಡೆಯುವ ಎದೆ ಇದ್ದರೆಷ್ಟು, ಬಿಟ್ಟರೆಷ್ಟು ಅಂತ ನೀವು ಕೇಳಬಹುದು, ಕೇಳಿ. ಒಳಗೆ ಹೋಗಿ ಅವರ ಬ್ಯಾಗು ತೆಗೆದೆ. ಎರಡು ಸೀರೆ ಹಾಗೆಯೇ ಇದ್ದವು. ಇನ್ನೆರಡು ಇಸ್ತ್ರಿ ಮಾಡಿ ಇಟ್ಟೆ, ಕನ್ನಡಕದ ಡಬ್ಬಿ ಇಟ್ಟೆ, ಕಾಗದ ಇಟ್ಟೆ.

ಬೆಳಗ್ಗೆ ಪುಟ್ಟಿಯನ್ನು ಶಾಲೆಗೆ ಬಿಟ್ಟು ಬಂದು, “ಅತ್ತೆ, ನಡೀರಿ. ಇವತ್ತೇ ಕಡೇ ದಿನ. ನಾನು ಬಂದು ಹತ್ತಿಸ್ತೀನಿ” ಅಂದೆ.

ಅವರು ನನ್ನ ಮುಖ ನೋಡಿದರು. “ನಿನ್ನ ಕ್ಲಾಸು?”

“ಕ್ಲಾಸು ಸುಟ್ಟು ಹೋಗಲಿ.”

“ಪುಟ್ಟಿನ ಯಾರು ಕರ್ಕೊಂಡು ಬರ್ತಾರೆ?”

“ನಾನು ಅವಳಮ್ಮ ಅಲ್ವಾ ಅತ್ತೆ? ನಡೀರಿ.”

ಅವರ ಮುಖದಲ್ಲಿ ಒಂದು ಬೆಳಕು ಬಂತು. ಬೇಗ ಬೇಗ ತಲೆ ಬಾಚಿಕೊಂಡರು, ಒಳ್ಳೆಯ ಚಪ್ಪಲಿ ಹುಡುಕಿದರು. ಮಾವ ಜಗಲಿಯಿಂದಲೇ, “ಇಬ್ಬರೂ ಸೇರಿ ಹೊರಟ್ರಾ? ಪರವಾಗಿಲ್ವೇ!” ಅಂತ ನಕ್ಕರು. ನಾವು ತಿರುಗಿ ನೋಡದೆ ನಡೆದೆವು. ಬ್ಯಾಗು ನನ್ನ ಕೈಯಲ್ಲಿತ್ತು. ದಾರಿಯುದ್ದ ಅತ್ತೆ ಮಾತಾಡುತ್ತಲೇ ಇದ್ದರು. ಆ ಶಾಲೆಯಲ್ಲಿ ಮೂವತ್ತು ಹುಡುಗಿಯರಂತೆ, ಅವರಿಗೆ ಇತಿಹಾಸದ ಪಾಠ ಓದುವವರಿಲ್ಲವಂತೆ. ರಜಕ್ಕೆ ಬಂದಾಗ ಪುಟ್ಟಿಗೆ ಚಕ್ಕುಲಿ ಮಾಡಿ ತರುತ್ತಾರಂತೆ. ಅಷ್ಟು ಮಾತು ಅವರು ಒಟ್ಟಿಗೆ ಆಡಿದ್ದು ನಾನು ಕೇಳಿರಲಿಲ್ಲ.

ನಮ್ಮ ಹಿಂದೆ ಜನ ಸೇರುತ್ತಿದ್ದದ್ದು ನನಗೆ ಗೊತ್ತಾದದ್ದು ಬಸ್‌ಸ್ಟ್ಯಾಂಡಿಗೆ ಹೋದ ಮೇಲೆ. ಅತ್ತೆ ಒಬ್ಬರೇ ಹೋದ ದಿನ ಬಸ್ಸಿನವರು ಮಾತ್ರ ನಕ್ಕಿದ್ದರು. ಇವತ್ತು ಅತ್ತೆ ಸೊಸೆ ಜೋಡಿ, ಸೊಸೆಯ ಕೈಯಲ್ಲಿ ಬ್ಯಾಗು. ಹಣ್ಣಿನವರು, ಹೂವಿನವರು, ಹೋಟೆಲಿನಿಂದ ದೋಸೆ ಬಿಟ್ಟು ಬಂದವರು. ರೇವಣ್ಣ ಬಾಗಿಲಿಗೆ ಅಡ್ಡ ಕೈ ಇಟ್ಟುಕೊಂಡು, “ಸೊಸೆಯೇ ಓಡಿಸ್ತಿದಾಳೆ ನೋಡ್ರಪ್ಪೋ!” ಅಂದ.

“ರೇವಣ್ಣ, ದಾರಿ ಬಿಡು” ಅಂದೆ. ನಗು.

“ತಮಾಷೆ ಅಲ್ಲ ಕಣಯ್ಯಾ. ಅವರಿಗೆ ಕೆಲಸ ಸಿಕ್ಕಿದೆ. ಕಾಗದ ಇದೆ, ನೋಡು.” ಕಾಗದ ಎತ್ತಿ ಹಿಡಿದೆ. ನಗು ಜೋರಾಯಿತು. ಹಿಂದಿನಿಂದ ಯಾರೋ “ಚಿಲಕ ಇದೆಯೇನಮ್ಮಾ?” ಅಂತ ಕೂಗಿದರು.

ನನಗೆ ತಲೆ ಕೆಟ್ಟುಹೋಯಿತು. ಬಸ್‌ಸ್ಟ್ಯಾಂಡಿನ ಕಲ್ಲು ಕಟ್ಟೆಯ ಮೇಲೆ ಹತ್ತಿ ನಿಂತೆ. “ನಿಮ್ಮ ಕಾಲು ಹಿಡೀತೀನಿ, ನಗಬೇಡಿ! ಅವರು ನನಗೆ ಮಿಕ್ಸಿ ಹಾಕಿ ಹೇಳಿದ್ದರು. ಮಿಕ್ಸಿ ಹಾಕಿ ಹೇಳಿದ್ದನ್ನ ನಾನು ಊಟದ ಹೊತ್ತಲ್ಲಿ ಆಡಿಬಿಟ್ಟೆ. ಅವರು ಹೋದ್ರೆ ನನ್ನ ಕ್ಲಾಸು ನಿಂತು ಹೋಗುತ್ತೆ ಅಂತ ಬೇಕು ಅಂತಲೇ ಆಡಿದೆ. ನಾನು ಪಾಪಿ. ಅವರನ್ನ ಬಿಡಿ, ಅವರನ್ನ ಹೋಗೋಕೆ ಬಿಡಿ!”

ಹೇಳುತ್ತಾ ಹೇಳುತ್ತಾ ಅಳು ಬಂತು, ಮೂಗು ಬಾಯಿ ಎಲ್ಲ ಸುರಿಯಿತು. ಒಂದು ಕ್ಷಣ ಎಲ್ಲ ನಿಶ್ಶಬ್ದವಾಯಿತು. ದೇವರೇ, ಕೇಳಿಸಿಕೊಂಡರು ಅಂದುಕೊಂಡೆ. ಆಮೇಲೆ ಹೂವಿನವಳು ಮೊದಲು ನಕ್ಕಳು, ಅವಳ ಹಿಂದೆ ಇಡೀ ಬಸ್‌ಸ್ಟ್ಯಾಂಡು. ಹಾಗೆ ಅವರು ಉಪ್ಪಿಟ್ಟಿಗೂ ನಕ್ಕಿರಲಿಲ್ಲ. “ಅಳೋದು ನೋಡ್ರೇ, ಎಷ್ಟು ಚೆನ್ನಾಗಿ ಅಳ್ತಾಳೆ!” ಅಂತ ಒಬ್ಬಳು ಇನ್ನೊಬ್ಬಳ ಮೇಲೆ ಒರಗಿ ನಗುತ್ತಿದ್ದಳು. ರೇವಣ್ಣ ಕಣ್ಣೀರು ಒರೆಸಿಕೊಂಡು, ಹೊತ್ತಾಯ್ತು ಅಂತ ಸೀಟಿ ಊದಿದ. ಬಸ್ಸು ಜನರನ್ನು ಸರಿಸಿಕೊಂಡು ಹೊರಟಿತು. ಒಳಗೆ ಕೂತವರು ಕಿಟಕಿಯಿಂದ ನಮಗೆ ಕೈ ಬೀಸಿದರು.

ಅತ್ತೆ ಕಟ್ಟೆಯ ಹತ್ತಿರ ಬಂದು ನನ್ನ ಕೈ ಹಿಡಿದು ಕೆಳಗಿಳಿಸಿದರು. ಬ್ಯಾಗು ತಾವೇ ತೆಗೆದುಕೊಂಡರು. “ಬಾರೇ, ಅನ್ನಕ್ಕಿಡೋ ಹೊತ್ತಾಯ್ತು” ಅಂದರು. ಜನ ದಾರಿ ಬಿಟ್ಟು, ಎರಡೂ ಕಡೆ ನಿಂತು ಚಪ್ಪಾಳೆ ತಟ್ಟಿದರು.

ಮಾರುಕಟ್ಟೆ ದಾಟಿ ನಮ್ಮ ಬೀದಿಗೆ ತಿರುಗಿದೆವು. ಅಲ್ಲಿ ಯಾರೂ ಇರಲಿಲ್ಲ. ನಾನು ನಿಂತುಬಿಟ್ಟೆ. ಅವರೂ ನಿಂತರು. “ಅತ್ತೆ, ತಪ್ಪಾಯ್ತು. ನಿಮ್ಮ ಬಾಳಿನಲ್ಲಿ ನೀವು ಕೇಳಿದ್ದು ಒಂದೇ, ಅದನ್ನ ನಾನು ಮಣ್ಣುಪಾಲು ಮಾಡಿದೆ. ನನ್ನ ಕ್ಷಮಿಸಿ” ಅಂದೆ.

ಅತ್ತೆಯ ತುಟಿ ಅದುರಿತು. ಆಮೇಲೆ ಅವರು ನಕ್ಕರು. ಸಿಟ್ಟಿಗೆ ನಕ್ಕಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಅವರಿಗೆ ನಿಜವಾಗಿ ನಗು ಬಂದಿತ್ತು. ಬ್ಯಾಗು ಕೆಳಗಿಟ್ಟು, ಗೋಡೆ ಹಿಡಿದುಕೊಂಡು, ಸೆರಗಿನಿಂದ ಕಣ್ಣು ಒರೆಸಿಕೊಂಡು ನಕ್ಕರು. “ಏನು ಚೆನ್ನಾಗಿ ಹೇಳ್ತೀಯೇ ಪದ್ದೂ ನೀನು” ಅಂದರು. “ಇನ್ನೊಂದು ಸಲ ಹೇಳೇ.”

ನಾನು ಇನ್ನೊಂದು ಸಲ ಹೇಳಿದೆ. ಅವರು ಇನ್ನೂ ಜೋರಾಗಿ ನಕ್ಕರು.